ಮೋಟಾರು ಶೆಡ್ಡಿನ ಮೇಲಿನ ಮನೆ

ನಾನು ಹುಟ್ಟು ಅಂಜುಬುರುಕ. ಮುಚ್ಚಿಟ್ಟು ಪ್ರಯೋಜನವಿಲ್ಲ; ನನ್ನ ಹೆಂಡತಿ ಶಾಂತಮ್ಮ ಊರಿಗೆಲ್ಲ ಹೇಳಿಯಾಗಿದೆ. ಅಂಥವನಿಗೆ ಸಿಂಧನೂರಿನಲ್ಲಿ ಸಿಕ್ಕಿದ್ದು ಬಸ್ಸು ನಿಲ್ಲಿಸುವ ಶೆಡ್ಡಿನ ಮೇಲಿನ ಮನೆ. ಆಗ ಕಾಲುವೆ ಕೆಲಸ ಜೋರಾಗಿ ನಡೆದಿತ್ತು. ಊರಿಗೆ ಜನ ನುಗ್ಗಿ ಬಂದಿದ್ದರು, ಇರಲು ಮನೆಗಳಿರಲಿಲ್ಲ. ಬಸ್ಸಿನ ಮಾಲಕ ಜಾಣ. ಶೆಡ್ಡಿನ ಮೇಲೆ ತೊಲೆ ಹಾಸಿ ಸಾಲಾಗಿ ಎಂಟು ಕೋಣೆ ಕಟ್ಟಿಬಿಟ್ಟ. ಎಂಟು ಸಂಸಾರ, ಹತ್ತಿ ಇಳಿಯಲು ಒಂದೇ ಇಕ್ಕಟ್ಟು ಮೆಟ್ಟಿಲು. ಕಾಲುವೆ ಕಚೇರಿಯ ಗುಮಾಸ್ತನಾದ ನನ್ನ ಪಾಲಿಗೆ ಬಂದದ್ದು ಸರಿಯಾಗಿ ಲಿಂಗಸುಗೂರು ಬಸ್ಸಿನ ನೆತ್ತಿಯ ಮೇಲಿನ ಕೋಣೆ.

ಬೆಳಿಗ್ಗೆ ಡ್ರೈವರ್ ಖಾಸೀಂಸಾಬ್ ಹ್ಯಾಂಡಲ್ ತಿರುಗಿಸಿ ಬಸ್ಸು ಚಾಲೂ ಮಾಡಿದರೆ ನಮ್ಮ ನೆಲ ನಡುಗುತ್ತಿತ್ತು. ಮೂಲೆಯ ತಂಬಿಗೆ ತಾನಾಗಿಯೇ ಹೊಸ್ತಿಲವರೆಗೆ ನಡೆದುಬರುತ್ತಿತ್ತು. ಗೋಡೆಯಲ್ಲೊಂದು ಬಿರುಕು ಕಂಡಾಗಿನಿಂದ ದಿನಾ ಅದನ್ನು ಗೇಣು ಹಾಕಿ ಅಳೆಯತೊಡಗಿದೆ. ಶಾಂತಮ್ಮನಿಗೆ ದಿನ ತುಂಬಿದ್ದವು. ತಡೆಯಲಾರದೆ ಒಂದು ದಿನ ಕೆಳಗಿಳಿದು ಹೇಳಿದೆ:

“ಖಾಸೀಂ ಭಾಯಿ, ಗಾಡಿ ಸಾವಕಾಶ ಚಾಲೂ ಮಾಡ್ರಿ. ಮನ್ಯಾಗ ಬಸುರಿ ಹೆಣ್ಮಗಳು ಅದಾಳ.”

“ಸಾವಕಾಶ ಅಂದ್ರ ಇದು ಚಾಲೂ ಆಗಂಗಿಲ್ರೀ, ಗುಮಾಸ್ತರ. ಏನರ ತ್ರಾಸಾದ್ರ ಮ್ಯಾಲಿಂದ ನೆಲಾ ಬಡೀರಿ. ನಾ ಕೆಳಗ ಇರ್ತೀನಲ್ಲ.”

ಅದಾದ ನಾಲ್ಕನೆಯ ದಿನ ನೋವು ಕಾಣಿಸಿಕೊಂಡಿತು. ಬಸ್ಸು ಹೊರಡುವ ಹೊತ್ತಿಗೆ, ಸೂಲಗಿತ್ತಿ ಶಾಂತಮ್ಮನ ಹೊಟ್ಟೆ ಮುಟ್ಟಿ ನೋಡಿ, “ಕೂಸು ಅಡ್ಡ ಐತ್ರಿ. ನನ್ನ ಕೈಲಾಗಂಗಿಲ್ಲ, ಲಿಂಗಸುಗೂರು ದವಾಖಾನಿಗೆ ಒಯ್ರಿ” ಎಂದಳು. ನಾನು ಗೋಡೆಯ ಬಿರುಕು ನೋಡುತ್ತ ನಿಂತುಬಿಟ್ಟೆ. ಒನಕೆ ಎತ್ತಿ ನೆಲ ಬಡಿದವಳು ಪಕ್ಕದ ಕೋಣೆಯ ನೀಲಮ್ಮಜ್ಜಿ.

ಮೆಟ್ಟಿಲಲ್ಲಿ ಮಂಚ ಹಿಡಿಸಲಿಲ್ಲ. ಎಂಟೂ ಮನೆಯವರು ಜಮಖಾನೆಯ ಅಂಚು ಹಿಡಿದು ಶಾಂತಮ್ಮನನ್ನು ಇಳಿಸಿದರು. ಖಾಸೀಂಸಾಬ್ ಬಸ್ಸಿನಲ್ಲಿದ್ದ ಗಂಡಸರನ್ನೆಲ್ಲ ಕೆಳಗಿಳಿಸಿ, “ಹೆಂಗಸರಷ್ಟೇ ಕೂಡ್ರಿ, ಮಸ್ಕಿಯಾಗೂ ನಿಲ್ಲಂಗಿಲ್ಲ!” ಎಂದು ಕೂಗಿದ.

ನಾನು? ನಾನು ಮನೆಗೆ ಕೀಲಿ ಹಾಕುತ್ತಿದ್ದೆ. ಹಾಕಿ, ಜಗ್ಗಿ ನೋಡಿ, ಎರಡು ಮೆಟ್ಟಿಲು ಇಳಿದು, ಸಂಶಯ ಬಂದು ಮತ್ತೆ ಹತ್ತಿ ಜಗ್ಗಿದೆ. ಕೆಳಗೆ ಬಂದಾಗ ಶೆಡ್ಡಿನಲ್ಲಿ ಬರೀ ಹೊಗೆ ಇತ್ತು.

ಸುಣ್ಣದ ಲಾರಿಯೊಂದು ಹತ್ತಿಸಿಕೊಂಡಿತು. ಮೈಲಿಗೊಂದು ಕೆಟ್ಟ ಯೋಚನೆ; ಮಸ್ಕಿ ದಾಟುವಷ್ಟರಲ್ಲಿ ಕಂಡ ದೇವರಿಗೆಲ್ಲ ಹರಕೆ ಹೊತ್ತಾಗಿತ್ತು. ದವಾಖಾನೆಯ ಬಾಗಿಲಲ್ಲಿ, ತಲೆಯಿಂದ ಕಾಲಿನವರೆಗೆ ಬಿಳುಪಾಗಿದ್ದ ನನ್ನನ್ನು ನರ್ಸಮ್ಮ ತಡೆದಳು.

“ಒಳಗ ಬಿಡಂಗಿಲ್ರೀ. ಬಾಣಂತಿಯ ಅಪ್ಪಾರು ಒಳಗ ಅದಾರ, ಸಾಕು.”

ಇಣುಕಿ ನೋಡಿದೆ. ಖಾಸೀಂಸಾಬನ ಕೈಯಲ್ಲಿ ನನ್ನ ಮಗಳು, ಅವನ ನೆರೆತ ಗಡ್ಡ ಹಿಡಿದಿದ್ದಳು. ಬಾಗಿಲಲ್ಲೇ ಕುಸಿದು ಅತ್ತುಬಿಟ್ಟೆ. ಒಳಗಿನಿಂದ ಶಾಂತಮ್ಮನ ಸೋತ ದನಿ ಕೇಳಿತು:

“ಬಿಡ್ರಿ ಅವರನ್ನ. ಕೀಲಿ ಹಾಕಿ ಬಂದಾರೇನು ಕೇಳ್ರಿ.”

“ಹಾಕೀನಿ” ಎಂದೆ. ಆದರೆ ಹೇಳುವಾಗಲೂ ಪೂರ್ತಿ ಖಾತ್ರಿಯಿರಲಿಲ್ಲ.