ರತ್ನಕ್ಕ ನೋಡಿಬಿಟ್ಟ ರೇಸು

ಪೋಸ್ಟ್‌ಮನ್ ಒಂದೇ ಒಂದು ಬಾಗಿಲು ತಪ್ಪಿದ್ದಕ್ಕೆ ತಿರುಮಲೇಶನ ಇಡೀ ಶನಿವಾರ ಎಕ್ಕುಟ್ಟಿಹೋಯಿತು.

ಈ ಆಸಾಮಿಗೆ ಇದ್ದದ್ದು ಎರಡೇ ಹುಚ್ಚು. ಒಂದು, ಅಮೆರಿಕಕ್ಕೆ ಬಂದ ಮೇಲೆ ಓಕ್ಲ್ಯಾಂಡಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡ ಕೆಂಪು ಎಲೆಕ್ಟ್ರಿಕ್ ಗಿಟಾರು. ಇನ್ನೊಂದು, ಆಸ್ಟ್ರೇಲಿಯಾದ ಕಾರ್ ರೇಸು. ಎರಡಕ್ಕೂ ಏನು ಸಂಬಂಧ ಅಂತ ಕೇಳಿದವರು ಕೆಟ್ಟರು. "ಸೌಂಡು ಕಣ್ರೀ, ಸೌಂಡು! ಆ ವಿ-ಎಯ್ಟ್ ಇಂಜಿನ್ನು ಬೆಟ್ಟ ಹತ್ತುವಾಗ ಬರೋ ಸೌಂಡೂ, ಆಂಪ್ಲಿಫಯರ್ ಪೂರ್ತಿ ಏರಿಸಿ ದಪ್ಪ ತಂತಿ ಮೀಟಿದಾಗ ಬರೋ ಸೌಂಡೂ ಒಂದೇ. ಕಿವೀಲಿ ಕೇಳೋದಲ್ಲ, ಹೊಟ್ಟೇಲಿ ಕೇಳೋದು!" ಎಂದು ಶುರುಮಾಡಿದರೆ ಎದುರಿಗಿದ್ದವರ ಕಾಫಿ ಆರಿಹೋಗುವವರೆಗೂ ನಿಲ್ಲಿಸುತ್ತಿರಲಿಲ್ಲ.

ಅವನ ಟೀವಿಯಲ್ಲಿ ಆ ರೇಸು ಬರುತ್ತಿರಲಿಲ್ಲ. ಇಂಟರ್‌ನೆಟ್ಟಿನ ಗಿಟಾರು ಗುಂಪಿನಲ್ಲಿ ಪರಿಚಯವಾದ ಗ್ರೇಮ್ ಎಂಬ ಸಿಡ್ನಿಯ ಪುಣ್ಯಾತ್ಮ, ಬಾಥರ್ಸ್ಟ್ ಬೆಟ್ಟದ ಸಾವಿರ ಕಿಲೋಮೀಟರಿನ ರೇಸನ್ನು ಟೇಪ್ ಮಾಡಿ ಕಳಿಸುತ್ತೇನೆಂದಿದ್ದ. ಆದರೆ ಯಾರು ಗೆದ್ದರೆಂದು ಮೊದಲೇ ತಿಳಿದರೆ ನೋಡುವುದರಲ್ಲಿ ಏನು ಮಜಾ? ಅದಕ್ಕೇ ತಿರುಮಲೇಶ ಡಾಟ್‌ಕಾಮ್ ಕಂಪನಿಯಲ್ಲೇ ಕೆಲಸ ಮಾಡುತ್ತ ಮೂರು ವಾರ ಒಂದು ಸುದ್ದಿಯ ಪುಟವನ್ನೂ ತೆರೆಯದೆ ವ್ರತ ಹಿಡಿದಿದ್ದ.

ಇನ್ನೊಂದು ತೊಡಕಿತ್ತು. ಆಸ್ಟ್ರೇಲಿಯಾದ ಕ್ಯಾಸೆಟ್ಟು ಅಮೆರಿಕದ ವಿಸಿಆರಿನಲ್ಲಿ ಓಡುವುದಿಲ್ಲ. ಊರಿನ ಮದುವೆ ಕ್ಯಾಸೆಟ್ಟು ನೋಡಲಿಕ್ಕೆಂದೇ ಎಲ್ಲ ದೇಶದ ಟೇಪನ್ನೂ ಓಡಿಸುವ ವಿಸಿಆರು ಇಟ್ಟುಕೊಂಡವರು ಆ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ: ಪಕ್ಕದ ಮನೆಯ ಉಡುಪಿಯ ರತ್ನಾವತಿ, ಅಂದರೆ ರತ್ನಕ್ಕ.

ಶನಿವಾರ ಬೆಳಗ್ಗೆ ತಿರುಮಲೇಶ ಬಾಗಿಲು ತೆಗೆದರೆ ರತ್ನಕ್ಕ ಹರಿದ ಲಕೋಟೆ ಹಿಡಿದು ನಿಂತಿದ್ದರು.

"ನಿನ್ನ ಕ್ಯಾಸೆಟ್ಟು ನಮ್ಮ ಬಾಗಿಲಲ್ಲಿ ಹಾಕಿ ಹೋಗಿದ್ದಾನೆ ಮಾರಾಯ. ಅಕ್ಕನ ಮಗಳ ಮದುವೇದು ಅಂತ ಗ್ರಹಿಸಿ ಹಾಕಿ ನೋಡಿದೆ. ಹೆಣ್ಣೂ ಇಲ್ಲ, ಗಂಡೂ ಇಲ್ಲ, ಬರೀ ಕಾರು! ಕೊನೆಗೆ ಎಂತಾಯ್ತು ಅಂದ್ರೆ..."

"ಹೇಳ್ಬೇಡಿ!" ತಿರುಮಲೇಶ ಎರಡೂ ಕಿವಿ ಮುಚ್ಚಿಕೊಂಡು ಹೊಸ್ತಿಲಲ್ಲೇ ಕುಕ್ಕರಿಸಿಬಿಟ್ಟ. "ರತ್ನಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ, ಯಾರು ಗೆದ್ರು ಅಂತ ಮಾತ್ರ ಹೇಳ್ಬೇಡಿ. ನಿಮ್ಮ ವಿಸಿಆರಲ್ಲಿ ನಾನೇ ನೋಡ್ತೀನಿ. ಅದಕ್ಕೆ ಏನು ಬೇಕಾದ್ರೂ ಮಾಡ್ತೀನಿ!"

ರತ್ನಕ್ಕ ಲಕೋಟೆಯನ್ನು ಬೆನ್ನ ಹಿಂದಕ್ಕೆ ಸರಿಸಿದರು. ಏನು ಬೇಕಾದರೂ ಮಾಡುವ ಪಕ್ಕದ ಮನೆಯವನು ದಿನಾ ಸಿಗುತ್ತಾನೆಯೇ? ಮರುದಿನ ಕನ್ನಡ ಕೂಟದ ದೀಪಾವಳಿ. ಇವರ ಭಜನೆಗೆ ಹಾರ್ಮೋನಿಯಂ ನುಡಿಸಬೇಕಾಗಿದ್ದ ಡ್ಯಾನ್‌ವಿಲ್‌ನ ಮಹಾನುಭಾವ, ಆಫೀಸಿನಲ್ಲಿ ಸರ್ವರ್ ಬಿದ್ದಿದೆಯೆಂದು ಕೈಯೆತ್ತಿದ್ದ.

"ಗಿಟಾರು ತಕೊಂಡು ಬಾ. ಪ್ರಾಕ್ಟೀಸು ಉಂಟು."

"ಎಲೆಕ್ಟ್ರಿಕ್ ಗಿಟಾರಲ್ಲಿ ಭಜನೇನಾ ಅಕ್ಕಾ?"

"ಹೇಳ್ಲಾ ಹಾಗಾದ್ರೆ?"

ತಿರುಮಲೇಶ ಒಳಗೆ ಓಡಿದ.

ರತ್ನಕ್ಕನ ಮನೆಯಲ್ಲಿ ಐದು ಜನ ಹೆಂಗಸರು ಕಣ್ಣು ಮುಚ್ಚಿ ಭಕ್ತಿಯಿಂದ ಹಾಡುತ್ತಿದ್ದಾಗ ಅವನ ಕಾಲು ಗಿಟಾರಿನ ಸದ್ದು ಏರಿಸುವ ಪೆಡಲಿಗೆ ತಗುಲಿತು. ಗಿಟಾರು ಗೊರ್‌ರೆಂದು ಗರ್ಜಿಸಿತು. ಹಾಡು ನಿಂತಿತು, ಗೋಡೆಯ ಗಡಿಯಾರ ಸೊಟ್ಟಗಾಯಿತು, ಮೇಲಿನ ಮನೆಯವರು ನೆಲ ಕುಟ್ಟಿದರು. ಮಂಡ್ಯದಿಂದ ಮಗನ ಮನೆಗೆ ಬಂದಿದ್ದ ತಾಯಮ್ಮನಿಗೆ ಮಾತ್ರ ಖುಷಿಯೋ ಖುಷಿ. "ಇನ್ನೊಂದ್ ಕಿತ ಹೊಡಿಯಪ್ಪ, ಮೈಯೆಲ್ಲಾ ಜುಮ್ ಅಂತು!"

ಭಜನೆ ಮುಗಿದ ಮೇಲೆ ಸೋಫಾ ಸರಿಸಬೇಕಾಯಿತು. ಸೋಫಾ ಸರಿಸಿದ ಮೇಲೆ ಭಜನೆಯವರ ಊಟಕ್ಕೆ ಕುಚ್ಚಲಕ್ಕಿ ನೆನಪಾಯಿತು. ಕುಚ್ಚಲಕ್ಕಿ ಸಿಗುವುದು ಫ್ರೀಮಾಂಟಿನ ಗ್ರೋಸರಿಯಲ್ಲಿ. ಫ್ರೀವೇಯಲ್ಲಿ ಕಾರುಗಳು ತೆವಳುತ್ತಿದ್ದರೆ, ತಿರುಮಲೇಶ ಸ್ಟಿಯರಿಂಗ್ ಮೇಲೆ ಹಣೆ ಚಚ್ಚಿಕೊಂಡು ಗ್ರೇಮನಿಗೂ ಪೋಸ್ಟ್‌ಮನ್ನನಿಗೂ ಶಾಪ ಹಾಕಿದ. ಎದುರು ಮಾತಾಡೋಣವೆಂದರೆ ರತ್ನಕ್ಕನ "ಹೇಳ್ಲಾ?" ಸದಾ ತಯಾರಾಗಿತ್ತು.

ಅಂತೂ ಮೂರು ಗಂಟೆಗೆ ಕ್ಯಾಸೆಟ್ಟು ಒಳಗೆ ಹೋಯಿತು.

ಅಬ್ಬಾ! ಬೆಟ್ಟದ ಇಳಿಜಾರಿನಲ್ಲಿ ಕಾರುಗಳು ಒಂದರ ಬೆನ್ನಿಗೊಂದು ಬಿದ್ದು ಧುಮುಕುತ್ತಿದ್ದವು. ಗೋಡೆಗೂ ಕಾರಿಗೂ ನಡುವೆ ಒಂದು ಗೇಣು ಜಾಗ. ತಿರುಮಲೇಶ ಸೋಫಾದ ತುದಿಯಲ್ಲಿ ಕೂತು ತಾನೇ ಗೇರು ಬದಲಿಸಿದ, ಬಾಯಲ್ಲೇ ಇಂಜಿನ್ ಓಡಿಸಿದ. ಭಜನೆಯವರು ಮನೆಗೆ ಹೋಗುವುದನ್ನೇ ಮರೆತರು. ರತ್ನಕ್ಕನ ಗಂಡ ಜಯರಾಜ್ ಪೇಪರು ಮಡಚಿಟ್ಟು ಕೆಂಪು ಕಾರಿನ ಪಕ್ಷ ಸೇರಿದರು. ತಾಯಮ್ಮ ನೀಲಿ ಕಾರಿನ ಕಡೆ.

"ಬುಡ್‌ಬ್ಯಾಡ ಕಣ್ಲಾ ನೀಲಿ! ಒತ್ತು, ಒತ್ತು!"

ರಾತ್ರಿ ಒಂಬತ್ತೂವರೆಗೆ ಮೂರೇ ಸುತ್ತು ಬಾಕಿ. ಕೆಂಪು ಕಾರು ನೀಲಿಯ ಬಾಲ ಹಿಡಿದಿತ್ತು. ನೇರ ರಸ್ತೆಗೆ ಬಂದವು, ಪಕ್ಕಪಕ್ಕ ಬಂದವು. ತಿರುಮಲೇಶ ಎದ್ದು ನಿಂತ, ಎಲ್ಲರೂ ಎದ್ದು ನಿಂತರು. ಪರದೆ ತುಂಬ ಚುಕ್ಕಿ ಚುಕ್ಕಿಯಾಗಿ ಕ್ಯಾಸೆಟ್ಟು ಟಕ್ಕೆಂದು ನಿಂತಿತು.

ಜಯರಾಜ್ ಲಕೋಟೆ ಕೊಡವಿದರು. ಒಂದು ಚೀಟಿ ಬಿತ್ತು. ಟೇಪು ಸಾಲಲಿಲ್ಲ, ಕೊನೆಯ ಮೂರು ಸುತ್ತು ಬೇರೆ ಕ್ಯಾಸೆಟ್ಟಿನಲ್ಲಿದೆ, ಮುಂದಿನ ವಾರ ಕಳಿಸುತ್ತೇನೆ ಅಂತ ಗ್ರೇಮ್ ಬರೆದಿದ್ದ.

ತಿರುಮಲೇಶ ಮೆಲ್ಲಗೆ ತಿರುಗಿದ. "ರತ್ನಕ್ಕ, ಗೆದ್ದಿದ್ದು ಈ ಕ್ಯಾಸೆಟ್ಟಲ್ಲಿ ಇಲ್ವೇ ಇಲ್ಲ. ಮತ್ತೆ ನೀವು ನೋಡಿದ್ದೇನು?"

"ನಾನೆಂತ ನೋಡಿದ್ದು? ಹತ್ತು ನಿಮಿಷ ಮದುಮಗಳನ್ನು ಹುಡುಕಿದೆ, ಕೊನೆಗೆ ಬೇಜಾರಾಗಿ ತೆಗೆದಿಟ್ಟೆ. ಅದನ್ನೇ ಹೇಳ್ಲಿಕ್ಕೆ ಹೊರಟದ್ದು. ನೀನು ಎಲ್ಲಿ ಬಿಟ್ಟೆ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ತಿರುಮಲೇಶನಿಗೆ ಮೈಯೆಲ್ಲ ಉರಿಯಿತು. ಆದರೂ ಒಂದು ಸಮಾಧಾನ: ಸದ್ಯ, ಯಾರಿಗೂ ಏನೂ ಗೊತ್ತಿಲ್ಲ! ಗಿಟಾರು ಹೆಗಲಿಗೇರಿಸಿ, "ನಾಳೆ ಭಜನೆಗೆ ನನ್ನ ಹುಡುಕ್ಬೇಡಿ, ಹೇಳಿರ್ತೀನಿ" ಎಂದು ಗತ್ತಿನಿಂದ ಬಾಗಿಲ ಕಡೆ ನಡೆದ.

ಅಷ್ಟರಲ್ಲಿ ಒಳಕೋಣೆಯಿಂದ ಕಂಪ್ಯೂಟರಿನ ಮೋಡೆಮ್ಮು ಕಿರುಚುವುದು ಕೇಳಿಸಿತು. ತಿರುಮಲೇಶ ಆಂಪ್ಲಿಫಯರ್ ಎತ್ತಿಕೊಂಡು ಚಪ್ಪಲಿ ಮೆಟ್ಟುವಷ್ಟರಲ್ಲಿ ಜಯರಾಜ್ ಹೊರಗೆ ಬಂದರು, ಮುಖ ಅರಳಿತ್ತು. "ತಡೀಲಿಕ್ಕೆ ಆಗ್ಲಿಲ್ಲ. ಇಂಟರ್‌ನೆಟ್ಟಲ್ಲಿ ನೋಡಿಬಿಟ್ಟೆ" ಎಂದು ಹೆಂಡತಿಯ ಕಿವಿಯಲ್ಲಿ ಏನೋ ಉಸುರಿದರು.

"ಹೌದಾ!" ರತ್ನಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ನಿಧಾನವಾಗಿ ತಿರುಮಲೇಶನನ್ನು ನೋಡಿದರು.

"ನಾಳೆ ಹತ್ತಕ್ಕೆ ಪ್ರೋಗ್ರಾಮು. ಪಂಚೆ ಉಟ್ಕೊಂಡು ಬಾ, ಆಯ್ತಾ?"

ಪಂಚೆ ಇಲ್ಲ ಅಂತ ತಿರುಮಲೇಶ ಬಾಯಿ ತೆರೆಯುವಷ್ಟರಲ್ಲಿ ಜಯರಾಜ್ ತಮ್ಮದನ್ನೇ ತಂದು ಅವನ ಕೈಯಲ್ಲಿಟ್ಟರು.