ನನ್ನ ಮೇಜಿಗೆ ಬಂದ ಗೇಮುಗಳು

ಬೆಜಲ್... ಅಲ್ಲ, ಬೆಜ್ಜಲು? ಮಗ ದಿನಕ್ಕೆ ಹತ್ತು ಸಲ ಹೇಳಿದರೂ ಆ ಪದ ನನ್ನ ನಾಲಿಗೆ ಮೇಲೆ ನಿಲ್ಲುವುದಿಲ್ಲ. ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮಿನ ಪರದೆ ಸುತ್ತ ಪ್ಲಾಸ್ಟಿಕ್ಕಿನ ಅಂಚು ಇರುತ್ತದಲ್ಲ, ಅದು. ನಾನು ಅದನ್ನು ಕಟ್ಟು ಎನ್ನುತ್ತೇನೆ. ಗದಗಿನಲ್ಲಿ ಹುಟ್ಟಿ, ಮದ್ದೂರಿಗೆ ಸೊಸೆಯಾಗಿ ಬಂದು, ನಲವತ್ತು ವರ್ಷ ದೇವರ ಪಟಗಳಿಗೆ ಕಟ್ಟು ಹಾಕಿದವಳು ನಾನು. ನಗದೆ ಅಂಗಡಿ ಬಾಗಿಲು ಹಾಕಿದ ದಿನ ನೆನಪಿಲ್ಲ.

ಈಗ ಪಟ ತರುವವರು ಕಡಿಮೆ. ಅಂಗಡಿಯ ಮುಂದೆ ಮಗನ ಮೊಬೈಲ್, ಗೇಮು ರಿಪೇರಿ, ಹಿಂದೆ ನನ್ನ ಮೇಜು. ಒಂದು ದಿನ ಅವನು, “ಅವ್ವಾ, ಈ ಮೇಜು ಎತ್ತಿ ಶೋಕೇಸ್ ಮಡಗ್ತೀನಿ ಕಣವ್ವ” ಎಂದ.

“ಗೇಮಿಗೆ ಕಟ್ಟು ಹಾಕೋ ಕೆಲಸ ನನ್ನ ಕೈಯಾಗ ಕೊಡು. ಒಂದ ಕೆಲಸ ಸರಿಯಿಲ್ಲಂತ ತಿರುಗಿ ಬಂದ್ರೂ ಅವತ್ತ ಮೇಜು ಎತ್ತು!” ಎಂದೆ. ಸಿಟ್ಟು ಬಂದರೆ ನನಗೆ ಇನ್ನೂ ಗದಗಿನ ಮಾತೇ ಬರುವುದು.

೧. ಶಾಖ

ಮೊದಲನೆಯದು ಕೆರಗೋಡಿನ ಕಾಲೇಜು ಹುಡುಗನದು. ಗೇಮು ಬಸ್ಸಿನಲ್ಲಿ ಬಿದ್ದು ಕಟ್ಟು ಸೀಳಿತ್ತು, ಪರದೆ ಚೆನ್ನಾಗಿತ್ತು. ಹಳೆಯ ಅಂಟು ಬಿಡಲು ಹದವಾಗಿ ಬಿಸಿ ತಾಗಬೇಕು, ಹೆಚ್ಚಾದರೆ ಪರದೆಯೇ ಹೋಯಿತು. ಮಗನ ಬಿಸಿಗಾಳಿ ಮೆಷಿನ್ನನ್ನು ನಾನು ನಂಬುವುದಿಲ್ಲ. ಮಂಡಿನೋವಿಗೆ ಇಟ್ಟುಕೊಳ್ಳುವ ನನ್ನ ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ ಅಂಚಿಗೆ ಒತ್ತಿ ಹಿಡಿದೆ.

“ಅಜ್ಜಿ, ಅದುಕ್ಕೂ ಮಂಡಿನೋವಾ?”

“ಸುಮ್ನಿರಪ್ಪ.”

ಸ್ವಲ್ಪ ಹೊತ್ತಿಗೆ ಹಳೇ ಕಟ್ಟು ಬಾಳೆಹಣ್ಣಿನ ಸಿಪ್ಪೆಯಂತೆ ಬಿಟ್ಟುಕೊಂಡಿತು. ಹೊಸದು ಕೂರಿಸಿ ಕೊಟ್ಟೆ. ಹುಡುಗ ಬೆರಗಾಗಿ, “ನಮ್ಮಜ್ಜಿ ಮಂಡೀನೂ ಇಂಗೇ ಬಿಚ್ಚಿ ಹೊಸ್ದು ಹಾಕ್ತೀರಾ?” ಎಂದ.

“ಕರ್ಕೊಂಡು ಬಾ. ಆದರೆ ಮೊದಲ ಸರದಿ ನನ್ನದು.”

೨. ಚಿನ್ನದ ಬಣ್ಣ

ಹಲಗೂರಿನ ರೈತರೊಬ್ಬರು ಮಗನ ಗೇಮು ತಂದರು. ಕಪ್ಪು ಕಟ್ಟು ತೋರಿಸಿದೆ.

“ಕಪ್ಪು ಬ್ಯಾಡ ಕಣಮ್ಮ. ದೇವ್ರ ಪಟುಕ್ಕೆ ಹಾಕ್ತೀರಲ್ಲ, ಚಿನ್ನದ ಬಣ್ಣುದ್ದು, ಅದ್ನೇ ಹಾಕ್ಬುಡಿ.”

ಬಣ್ಣ ಹಚ್ಚಿ, ಒಣಗಿಸಿ ಕೂರಿಸಿದೆ. ವಾರದ ಮೇಲೆ ಅದೇ ಮನುಷ್ಯ ಮತ್ತೆ ಬಾಗಿಲಲ್ಲಿ! ಮಗ ಟೇಪು ತೆಗೆದು ನನ್ನ ಮೇಜಿನ ಜಾಗ ಅಳೆಯಲು ಶುರುಮಾಡಿದ.

“ಕಟ್ಟು ಬಿಟ್ಟುಕೊಂಡಿತಾ?” ಎಂದೆ.

“ಅದು ಗಟ್ಟಿಯಾಗದೆ. ನಮ್ಮವ್ವ ಅದ್ನ ದೇವ್ರ ಪಟುದ್ ಪಕ್ಕ ಮಡಗವ್ಳೆ. ಸ್ನಾನ ಮಾಡ್ದೆ ಮುಟ್ಟಂಗಿಲ್ವಂತೆ. ನಮ್ ಹೈದ ಈಗ ಕೋಳಿ ಕೂಗೋಕ್ ಮುಂಚೆ ಎದ್ದು ತಣ್ಣೀರ್ ಉಯ್ಕೊತಾನೆ!” ಆಮೇಲೆ ಚೀಲದಿಂದ ಒಂದು ಗಣಿತದ ಪುಸ್ತಕ ತೆಗೆದರು. “ಇದುಕ್ಕೂ ವಸಿ ಅದೇ ಬಣ್ಣ ಹಚ್ಕೊಡಿ.”

೩. ಕೊಂಡಿ

ಪಟ ಯಾವುದೇ ಇರಲಿ, ಕೊನೆಗೆ ಅದರ ಬೆನ್ನಿಗೆ ತೂಗುಹಾಕಲು ಹಿತ್ತಾಳೆ ಕೊಂಡಿ ಕೂರಿಸಿ, ಎಳೆದು ನೋಡಿ ಕೊಡುವುದು ನನ್ನ ರೂಢಿ. ಮಳವಳ್ಳಿಯ ಹೆಂಗಸೊಬ್ಬರ ಜೊತೆ ಮಾತಾಡುತ್ತ ಅವರ ಮಗನ ಗೇಮಿನ ಕಟ್ಟು ಬದಲಾಯಿಸಿದೆ. ಕಾಗದದಲ್ಲಿ ಸುತ್ತಿ ಕೊಟ್ಟೆ. ಅವರು ಬಸ್ಸು ಹತ್ತಿದ ಮೇಲೆ ನೋಡುತ್ತೇನೆ, ಕೊಂಡಿಯ ಡಬ್ಬಿ ತೆರೆದಿದೆ!

“ಅವ್ವಾ, ಗೇಮಿಗೆ ಕೊಂಡಿ ಹಾಕ್ದ್ಯಾ? ಅದ್ನ ಯಾರವ್ವ ಗೋಡೆಗೆ ತೂಗಾಕ್ತಾರೆ?”

“ಹಾಕಿದ್ದು ಗಟ್ಟಿಯಾಗೇ ಹಾಕಿದ್ದೀನಿ” ಎಂದೆ.

ಮೂರನೇ ದಿನ ಆ ಹೆಂಗಸು ದಾಪುಗಾಲು ಹಾಕುತ್ತ ಬಂದರು. ಮಗ ಆಗಲೇ ನನ್ನ ಅಂಟಿನ ಬಾಟಲಿಗಳನ್ನು ಕೆಳಗಿಡುತ್ತಿದ್ದ.

“ಕೊಂಡಿ ಹಾಕ್ದೋರ್ಯಾರು?”

ಮಗ ನನ್ನತ್ತ ಬೆರಳು ತೋರಿಸಿದ. ಆಕೆ ತಂದ ಚೀಲವನ್ನು ನನ್ನ ಮೇಜಿನ ಮೇಲೆ ಸುರಿದರು. ನಾಲ್ಕು ಗೇಮು!

“ಪರೀಕ್ಷೆ ಮುಗಿಯೋಗಂಟ ಅಂತ ಮೇಲ್ಗಡೆ ಮೊಳೆಗೆ ತೂಗಾಕಿವ್ನಿ ಕಣಮ್ಮ. ಕಣ್ಗೆ ಕಾಣ್ತದೆ, ಕೈಗೆ ಎಟುಕಲ್ಲ. ನಮ್ ಬೀದಿ ಹೆಂಗಸ್ರೆಲ್ಲ ಕಳ್ಸವ್ರೆ. ಇವುಕ್ಕೆ ಕಟ್ಟು ಬ್ಯಾಡ, ಕೊಂಡಿ ಸಾಕು.”

ಮಗ ಬಾಟಲಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದ.

ನಾನು ಹಲಗೆ, ಸೀಮೆಸುಣ್ಣ ತೆಗೆದು ಮೊಮ್ಮಗಳನ್ನು ಕರೆದೆ. ಅವಳು ಮೂಲೆಯಲ್ಲಿ ಗೇಮು ಆಡುತ್ತ ಕೂತಿದ್ದಳು. “ಬರಿ ಪುಟ್ಟಿ. ಇಲ್ಲಿ ಗೇಮಿಗೆ ಕಟ್ಟು ಮತ್ತು ಕೊಂಡಿ ಹಾಕಿಕೊಡಲಾಗುವುದು.”

“ಕಟ್ಟು ಬರೀತೀನಿ ಅಜ್ಜಿ. ಕೊಂಡಿ ಬರಿಯಲ್ಲ.”

“ಬರಿ ಅಂದ್ರ ಬರಿ! ಇಲ್ಲಂದ್ರ ಮೊದಲನೇ ಕೊಂಡಿ ನಿನ್ನ ಗೇಮಿಗೇ!”