ಬೀಗರಿಗೆ ಉಣಿಸಿದ ಫ್ರೆಂಚ್ ಊಟ

ದೊಡ್ಡ ಶಹರಕ್ಕೆ ಹೋದರೆ ಏನು ತಿನ್ನಬೇಕು ಎಂಬ ವಿಷಯದಲ್ಲಿ ಇಡೀ ಏಕಸಂಬಿಯಲ್ಲಿ ನನ್ನಷ್ಟು ತಿಳಿದವರಿಲ್ಲ ಎಂದು ನಾನು ನಂಬಿದ್ದೆ. ನನ್ನದು ಬೀಜ, ಗೊಬ್ಬರದ ಅಂಗಡಿ. ಗಿರಾಕಿಗಳಿಲ್ಲದ ಮಧ್ಯಾಹ್ನ ಮೊಬೈಲಿನಲ್ಲಿ ಲೋಕದ ಊಟವನ್ನೆಲ್ಲ ನೋಡುತ್ತ ಕೂರುತ್ತೇನೆ. ನೋಡುವುದಕ್ಕೆ ಯಾವ ವ್ರತವೂ ಅಡ್ಡ ಬರುವುದಿಲ್ಲ.

ನಾವು ಜೈನರು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ನಮ್ಮ ಹೊಸ್ತಿಲು ದಾಟುವುದಿಲ್ಲ. ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು. ಮನೆಯಲ್ಲಿದ್ದಾಗ ನಾನು ಈ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಆದರೆ ದೀಪ ಹಚ್ಚುವ ಹೊತ್ತಿಗೆ ಬಸ್ ಸ್ಟ್ಯಾಂಡಿನ ಮಾರುತಿಯ ಗಾಡಿಯಿಂದ ಉಳ್ಳಾಗಡ್ಡಿಯ ಕಾಂದಾ ಭಜಿಯ ವಾಸನೆ ಬಂತೆಂದರೆ ನಾನು ಮನೆಯಲ್ಲಿ ಇರುವುದಿಲ್ಲ.

ನಮ್ಮ ಒಬ್ಬಳೇ ಮಗಳು ತ್ರಿಶಲಾ ಪುಣೆಯಲ್ಲಿ ಶಾಲೆಯ ಟೀಚರು. ದಿಗ್ಗೇವಾಡಿಯ ಬಾಬುಗೌಡರ ಮಗ ದನದ ಡಾಕ್ಟರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿಯಾಗಿತ್ತು. ತಡೆದು ನಿಂತವರು ಬಾಬುಗೌಡರು ಮತ್ತು ಅವರ ಮನೆಯವರಾದ ಸುಶೀಲಕ್ಕ. ಸೂರ್ಯ ಮುಳುಗಿದ ಮೇಲೆ ಹನಿ ನೀರು ಕೂಡ ಮುಟ್ಟದ ಮಂದಿ. "ಹುಡಿಗಿ ಚಲೋ ಅದಾಳ್ರಿ. ಆದ್ರ ಮನಿ ಆಚಾರ ಹೆಂಗೈತಿ ನೋಡಬೇಕಲ್ರಿ" ಎಂದು ಬಾಬುಗೌಡರು ಅಂದಿದ್ದರು. ಅದನ್ನು ಅವರು ನನ್ನ ಮುಖ ನೋಡಿಕೊಂಡೇ ಅಂದಿದ್ದರು.

ಹುಡುಗಿ ಇರುವ ಜಾಗ ನೋಡಿ ಮಾತು ಕೊಡುತ್ತೇವೆ ಎಂದು ಅವರು ಪುಣೆಗೆ ಹೊರಟರು. ನಾವೂ ಜೊತೆಗೆ ಹೊರಟೆವು. ಹಿಂದಿನ ದಿನ ಮಗಳು ಫೋನಿನಲ್ಲಿ, "ಪಪ್ಪಾ, ನಾ ದೇವರ ಹಂತೇಕ ನನ್ನ ಸಲುವಾಗಿ ಏನೂ ಬೇಡಿಲ್ಲ. ಈ ಸಲ ಬೇಡಾಕತ್ತೀನಿ. ನೀವು ಏನೂ ಹೊಸಾದು ಮಾಡಾಕ ಹೋಗಬ್ಯಾಡ್ರಿ" ಎಂದಳು. ಇಂಥ ಮಗಳಿಗಾಗಿ ಏನಾದರೂ ಹೊಸದು ಮಾಡಲೇಬೇಕೆಂದು ಆ ಕ್ಷಣವೇ ನಿಶ್ಚಯಿಸಿದೆ.

ಅದೇ ಹೊತ್ತಿಗೆ ಮೊಬೈಲಿನಲ್ಲಿ ಒಂದು ಲೇಖನ ಬಂತು: ದೊಡ್ಡ ಶಹರಕ್ಕೆ ಹೋದಾಗ ತಿನ್ನಲೇಬೇಕಾದ ಸಾಂಪ್ರದಾಯಿಕ ಫ್ರೆಂಚ್ ತಿನಿಸುಗಳು. ನಾನು ತರ್ಕ ಮಾಡಿದೆ. ಬೀಗರು ಸಂಪ್ರದಾಯದವರು. ತಿನಿಸುಗಳೂ ಸಂಪ್ರದಾಯದವು. ಇನ್ನು ಜಗಳ ಎಲ್ಲಿಂದ ಬರಬೇಕು?

"ಅವರಿಗೆ ಜೈನ ಥಾಲಿ ಉಣಿಸಿದ್ರ ಸಾಕಾಗ್ತೈತ್ರಿ" ಎಂದಳು ಹೆಂಡತಿ ರಾಜಮತಿ.

"ಥಾಲಿ ಯಾರರೆ ಉಣಸ್ತಾರ. ನಮ್ಮ ಊಟಾ ಅವರು ಜನ್ಮಪೂರ್ತಿ ನೆನಪಿಡಬೇಕ."

"ನೆನಪಂತೂ ಇಡ್ತಾರ ಬಿಡ್ರಿ" ಎಂದು ಅವಳು ಚೀಲ ಕಟ್ಟತೊಡಗಿದಳು.

ಮಗಳ ಖೋಲಿ ನೋಡಿ ಬೀಗರು ಸಂತೋಷಪಟ್ಟರು. ಅವಳಿಗೆ ಶಾಲೆಯಲ್ಲಿ ಮೀಟಿಂಗ್ ಇತ್ತು, ಸಂಜೆ ಬಂದು ಸೇರುತ್ತೇನೆ ಎಂದು ಹೋದಳು. ನಾನು ಎಲ್ಲರನ್ನೂ ರಿಕ್ಷಾದಲ್ಲಿ ಹಾಕಿಕೊಂಡು, ದೊಡ್ಡ ಕಟ್ಟಡವೊಂದರ ಮೂರನೇ ಮಹಡಿಯಲ್ಲಿದ್ದ ಫ್ರೆಂಚ್ ಹೋಟೆಲಿಗೆ ವಿಜಯೋತ್ಸಾಹದಿಂದ ಕರೆದೊಯ್ದೆ. ಬಾಗಿಲಲ್ಲಿದ್ದ ಮ್ಯಾನೇಜರ್ ನಯವಾಗಿ, ರಾತ್ರಿ ಊಟ ಏಳಕ್ಕೆ ಶುರು ಎಂದ.

ಏಳಕ್ಕೆ ನಮ್ಮ ಬೀಗರು ಉಂಡು, ಕೈತೊಳೆದು, ಪ್ರಾರ್ಥನೆ ಮುಗಿಸಿ ಮಲಗುವ ತಯಾರಿಯಲ್ಲಿರುತ್ತಾರೆ. ನಾನು ಮ್ಯಾನೇಜರನ್ನು ಪಕ್ಕಕ್ಕೆ ಎಳೆದು ನನ್ನ ಗಡಿನಾಡ ಮರಾಠಿಯನ್ನೆಲ್ಲ ಖರ್ಚು ಮಾಡಿದೆ. ಮಗಳ ಲಗ್ನದ ಮಾತು ಎಂದ ಕೂಡಲೇ ಆತ ಕರಗಿದ. "ಯಾ, ಬಸಾ" ಎಂದು ಒಳಗೆ ಕರೆದು ಕೂರಿಸಿದ.

ಈಗ ಏನು ತರಿಸುವುದು? ಲೇಖನದ ಮೊದಲ ತಿನಿಸೇ ಉಳ್ಳಾಗಡ್ಡಿ ಸೂಪು. ಓದುವಾಗ ಬಾಯಲ್ಲಿ ನೀರೂರಿದ್ದರಿಂದ ಅದರಲ್ಲಿ ಉಳ್ಳಾಗಡ್ಡಿ ಇರುತ್ತದೆಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ಎರಡನೆಯದರಲ್ಲಿ ತತ್ತಿ. ಮೂರನೆಯದರಲ್ಲಿ ಕೋಳಿ, ಅದೂ ದ್ರಾಕ್ಷಾರಸದಲ್ಲಿ ಮಿಂದ ಕೋಳಿ. ಸುಶೀಲಕ್ಕ ಮೆನುವಿನ ಚಿತ್ರವೊಂದರ ಮೇಲೆ ಬೆರಳಿಟ್ಟು, "ಇದೇನ್ರಿ ಅಣ್ಣಾರ, ಶಂಖಾ?" ಎಂದರು.

ಅದು ಬೆಣ್ಣೆಯಲ್ಲಿ ಬೇಯಿಸಿದ ಬಸವನಹುಳು. ದಾರಿಯಲ್ಲಿ ಇರುವೆ ಕಂಡರೂ ಸುತ್ತು ಹಾಕಿ ನಡೆಯುವ ಹೆಣ್ಣುಮಗಳು ಅವರು. "ಹೌದ್ರಿ, ಶಂಖಾ. ಬರೇ ಅಲಂಕಾರಕ್ಕ" ಎಂದು ನಾನು ಆ ಚಿತ್ರದ ಮೇಲೆ ನೀರಿನ ಗ್ಲಾಸು ಇಟ್ಟೆ. ಗ್ಲಾಸಿನ ನೀರಿನಲ್ಲಿ ಹುಳು ಇನ್ನೂ ದೊಡ್ಡದಾಗಿ ಕಾಣತೊಡಗಿತು. ರಾಜಮತಿ ಮೆನುವನ್ನೇ ಮಡಚಿದಳು.

ಕೊನೆಗೆ ಮ್ಯಾನೇಜರನೇ ದಾರಿ ತೋರಿಸಿದ. ರಟಟೂಯಿ ಎಂಬ ಪದಾರ್ಥವಿದೆ, ಬದನೆಕಾಯಿ, ಟೊಮ್ಯಾಟೊ, ದೊಣ್ಣೆಮೆಣಸು. ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿಟ್ಟು ಹೊಸದಾಗಿ ಮಾಡಿಸುತ್ತೇನೆ, ಸ್ವಲ್ಪ ತಡವಾಗುತ್ತದೆ ಎಂದ. ನನಗೆ ಆತನ ಕಾಲು ಹಿಡಿಯಬೇಕೆನಿಸಿತು.

ತಡ ಎಂಬುದು ಪುಣೆಯಲ್ಲಿ ಒಂದು, ದಿಗ್ಗೇವಾಡಿಯಲ್ಲಿ ಒಂದು. ಪಾತ್ರೆಯ ಸಪ್ಪಳ ಕೇಳುತ್ತಿತ್ತು, ಪದಾರ್ಥ ಬರುತ್ತಿರಲಿಲ್ಲ. ಅಷ್ಟರಲ್ಲಿ ಹುಡುಗನೊಬ್ಬ ಬಂದು ಟೇಬಲ್ ಮೇಲೆ ಮೇಣದಬತ್ತಿ ಹಚ್ಚಿಟ್ಟ. ಸುಶೀಲಕ್ಕ ಬೆಚ್ಚಿದರು.

"ದೀಪಾ ಹಚ್ಚಿದ್ರಲ್ರಿ. ಹೊತ್ತು ಮುಳುಗಿತೇನ?"

ಕಿಟಕಿಯಲ್ಲಿ ನೋಡಿದರೆ ಎದುರಿಗೂ ಕಟ್ಟಡ, ಪಕ್ಕಕ್ಕೂ ಕಟ್ಟಡ. ಮೊಬೈಲ್ ನೋಡಿ ಹೇಳಿದೆ, ಇನ್ನೂ ಮುಳುಗಿಲ್ಲವೆಂದು. ಬಾಬುಗೌಡರು ತಲೆಯಾಡಿಸಿದರು. "ನಮ್ಮ ಮನ್ಯಾಗ ಮೊಬೈಲ್ ನಂಬಿ ಉಣ್ಣೂದಿಲ್ರಿ. ಸೂರ್ಯ ಕಣ್ಣಿಗೆ ಕಾಣಬೇಕ."

ಅದೇ ಗಳಿಗೆಯಲ್ಲಿ ಪದಾರ್ಥ ಬಂತು. ಯಾರೂ ಕೈ ಹಚ್ಚಲಿಲ್ಲ. ನಾನು ಎದ್ದು ನಿಂತೆ. "ನೀವು ಕೂಡ್ರಿ. ನಾ ಗಚ್ಚಿಗೆ ಹೋಗಿ ನೋಡಿ ಫೋನ್ ಮಾಡ್ತೀನಿ" ಎಂದು ತಾರಸಿಗೆ ಮೆಟ್ಟಿಲು ಹತ್ತಿ ಓಡಿದೆ. ಕಬ್ಬಿನ ಲಾರಿಯಷ್ಟು ಉಬ್ಬಸ ಬಂತು. ಗಚ್ಚಿಯ ಮೇಲೆ ಕಬ್ಬಿಣದ ಬಾಗಿಲು ನನ್ನ ಹಿಂದೆ ದಡ್ ಎಂದು ಹಾಕಿಕೊಂಡಿತು. ಎದುರಿಗೆ, ದೂರದ ಗುಡ್ಡದ ಮೇಲೆ, ಕೆಂಪಗೆ ಸೂರ್ಯ. ಅಷ್ಟು ಪ್ರೀತಿಯಿಂದ ನಾನು ಸೂರ್ಯನನ್ನು ಎಂದೂ ನೋಡಿರಲಿಲ್ಲ.

"ಐತ್ರಿ, ಇನ್ನೂ ಐತ್ರಿ! ಉಣ್ರಿ!"

ರಾಜಮತಿ ಫೋನನ್ನು ಟೇಬಲ್ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದಳು. ಸುಶೀಲಕ್ಕ ಚೀಲದಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತೆಗೆದದ್ದು ನನಗೆ ಮಾತಿನಿಂದಲೇ ತಿಳಿಯಿತು. "ಇದು ನಮ್ಮ ಬದನಿಕಾಯಿ ಪಲ್ಯಾನ ಅಲ್ರಿ?" ಎಂದರು ಬಾಬುಗೌಡರು. "ಖಾರ ಕಡಿಮಿ ಐತಿ, ಚಟ್ನಿ ಹಚ್ಕೊಳ್ರಿ" ಎಂದರು ಸುಶೀಲಕ್ಕ.

ನಾನು ಕಾಮೆಂಟರಿ ಮುಂದುವರಿಸಿದೆ. "ಗುಡ್ಡಕ್ಕ ಹತ್ತೇತ್ರಿ. ಅರ್ಧಾ ಉಳದೈತಿ. ರೊಟ್ಟಿ ಮುಗಸ್ರಿ. ಈಗ ನೀರ ಕುಡೀರಿ. ಮುಳುಗಿತ್ರಿ."

ಫೋನಿನಲ್ಲಿ, ನಾಲ್ಕು ಗ್ಲಾಸುಗಳಲ್ಲಿ ಮೂರು ಮಾತ್ರ ಕೆಳಗಿಟ್ಟ ಸಪ್ಪಳ ಕೇಳಿಸಿತು. ಆಗ ನನ್ನ ಹೊಟ್ಟೆಗೆ ಹೊಳೆಯಿತು, ನಾಲ್ಕನೆಯದು ನನ್ನದು.

ಇಳಿಯೋಣವೆಂದು ಬಾಗಿಲು ದೂಡಿದೆ. ಅದು ಒಳಗಿನಿಂದ ಮಾತ್ರ ತೆಗೆಯುವ ಬಾಗಿಲು. ಮತ್ತೆ ಫೋನ್ ಮಾಡಿ, "ನಾ ಗಚ್ಚ್ಯಾಗ ಸಿಕ್ಕೊಂಡೇನಿ" ಎಂದು ಪಿಸುಗುಟ್ಟಿದೆ. ಪುಣ್ಯಕ್ಕೆ ಫೋನು ಈಗ ರಾಜಮತಿಯ ಕಿವಿಯಲ್ಲಿತ್ತು. ಅವಳು ಬೀಗರ ಕಡೆ ತಿರುಗಿ ಹೇಳಿದ್ದು ನನಗೂ ಕೇಳಿಸಿತು. "ಜಪಾ ಮಾಡಾಕತ್ತಾರಂತ. ಸ್ವಲ್ಪ ತಡಾ ಆಗ್ತೈತಿ."

ಕತ್ತಲಾಗುವವರೆಗೆ ನಾನು ಜಪ ಮಾಡಿದೆ. ನಿಜವಾಗಿಯೂ ಮಾಡಿದೆ. ಈ ಸಂಬಂಧ ಮುರಿದರೆ ಮಗಳಿಗೆ ಯಾವ ಮುಖ ತೋರಿಸಲಿ ಎಂಬ ಹೆದರಿಕೆಯಲ್ಲಿ ನನಗೆ ಗೊತ್ತಿದ್ದ ಮಂತ್ರಗಳೆಲ್ಲ ಎರಡೆರಡು ಸಲ ಆದವು. ಆಮೇಲೆ ಬಾಗಿಲು ತೆರೆಯಿತು. ಮೀಟಿಂಗ್ ಮುಗಿಸಿ ಬಂದು, ತಾಯಿಯಿಂದ ವಿಷಯ ತಿಳಿದ ತ್ರಿಶಲಾ ನಿಂತಿದ್ದಳು. ನನ್ನನ್ನು ನೋಡಿ, "ಪಪ್ಪಾ, ಹೊಸಾದು ಏನೂ ಮಾಡಬ್ಯಾಡ ಅಂದಿದ್ದೆ" ಎಂದಳು. ನಗು ತಡೆಯಲಾರದೆ ಮೆಟ್ಟಿಲ ಮೇಲೆಯೇ ಕುಳಿತಳು.

ಕೆಳಗೆ ನನ್ನ ತಾಟು ಹಾಗೇ ಇತ್ತು. ಹಬೆಯಾಡುತ್ತಿದ್ದ ರಟಟೂಯಿ ಈಗ ತಣ್ಣಗೆ ನನ್ನನ್ನೇ ನೋಡುತ್ತಿತ್ತು. ಬಾಬುಗೌಡರು ನನ್ನ ಎರಡೂ ಕೈ ಹಿಡಿದುಕೊಂಡರು.

"ನಮ್ಮ ವ್ರತದ ಸಲುವಾಗಿ ತಾವು ಉಪವಾಸ ನಿಂತ್ರಿ. ಮ್ಯಾಲ ಜಪಾ ಬ್ಯಾರೆ. ನಿಮ್ಮ ಆಚಾರದ ಬಗ್ಗೆ ನಾ ಸಂಶೇ ಪಟ್ಟಿದ್ದೆ, ತಪ್ಪಾತ್ರಿ ಬೀಗರ."

ಬೀಗರ ಎಂದರು. ತ್ರಿಶಲಾ ಮುಖ ಆ ಕಡೆ ತಿರುಗಿಸಿ ಕಣ್ಣು ಒರೆಸಿಕೊಂಡಳು. ನಾನು ಸತ್ಯ ಹೇಳಲು ಬಾಯಿ ತೆರೆದೆ. ರಾಜಮತಿ ಟೇಬಲ್ ಕೆಳಗೆ ನನ್ನ ಕಾಲು ತುಳಿದಳು. ಬಾಯಿ ಮುಚ್ಚಿದೆ. ಹೊತ್ತು ಮುಳುಗಿದ್ದರಿಂದ, ಸಂಬಂಧ ಕುದುರಿದ್ದಕ್ಕೆ ಸಕ್ಕರೆ ಬಾಯಿಗೆ ಹಾಕುವ ಹಾಗಿರಲಿಲ್ಲ. ಅದನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಂಡೆವು.

ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು. ಬಾಬುಗೌಡರು ಸಿಕ್ಕಸಿಕ್ಕವರಿಗೆ ಫೋನ್ ಮಾಡಿ, ಇಂಥ ವ್ರತಸ್ಥ ಬೀಗರು ಪಡೆದುಕೊಂಡು ಬಂದವರಿಗಷ್ಟೇ ಸಿಗುತ್ತಾರೆ ಎಂದಿದ್ದರಂತೆ. ಮಗಳ ಲಗ್ನ ಗಟ್ಟಿಯಾದ ಖುಷಿಯಲ್ಲಿ ನಾನು ದೀಪ ಹಚ್ಚುವ ಹೊತ್ತಿಗೆ ಬಸ್ ಸ್ಟ್ಯಾಂಡಿಗೆ ಹೋಗಿ ಮಾರುತಿಯ ಮುಂದೆ ಕೈ ಚಾಚಿದೆ. ಅವನು ಭಜಿ ತೆಗೆಯುವ ಝಾರಿಯನ್ನು ಎಣ್ಣೆಯಲ್ಲೇ ಬಿಟ್ಟು ಎರಡೂ ಕೈ ಜೋಡಿಸಿದ.

"ಸಾವಕಾರ್ರ, ನಿಮ್ಮ ವಿಷಯಾ ಕೇಳೇನ್ರಿ. ಮೊದಲ ಹೊತ್ತು ಮುಳುಗೈತಿ, ಅದರಾಗ ಕಾಂದಾ. ನಿಮಗ ಕೊಟ್ಟು ಆ ಪಾಪಾ ನಾ ಎಲ್ಲಿ ಕಳೀಲಿ?"

ಸುತ್ತ ಭಜಿ ತಿನ್ನುತ್ತಿದ್ದವರೆಲ್ಲ ಗೌರವದಿಂದ ಸರಿದು ನನಗೆ ದಾರಿ ಬಿಟ್ಟರು. ಮನೆಗೆ ಹೋಗುವ ದಾರಿ.